ಗಣಿ ಮುಚ್ಚಿದ ಮರುದಿನ

'ಕೆ.ಜಿ.ಎಫ್' ಚಿತ್ರದ ಎರಡನೇ ಭಾಗ ನೋಡಿ ಹೊರಬಂದಾಗ ನನ್ನಲ್ಲಿ ಉಳಿದದ್ದು ಒಂದು ಸಣ್ಣ ಪ್ರಶ್ನೆ. ನಾಯಕ ಚಿನ್ನದ ಜೊತೆ ಕಡಲಲ್ಲಿ ಮುಳುಗಿದ, ಸರಿ. ಅವನು ಬಿಡುಗಡೆ ಮಾಡಿದ ಆ ಸಾವಿರಾರು ಜನ ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೆ ಹೋದರು?

ಪ್ರಶಾಂತ್ ನೀಲ್ ಕಟ್ಟಿದ ನರಾಚಿ ಕಲ್ಪನೆಯ ಲೋಕ. ಅದರಲ್ಲಿ ಇತಿಹಾಸ ಹುಡುಕುವುದು ತಪ್ಪು ಎನ್ನಬಹುದು. ಆದರೆ ಚಿತ್ರ ಹೊತ್ತಿರುವ ಹೆಸರು ಒಂದು ನಿಜವಾದ ಊರಿನದು. ಆ ಊರಿನಲ್ಲಿ ಈ ಪ್ರಶ್ನೆಗೆ ಉತ್ತರವೂ ಇದೆ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ, ತೆಗೆಯುವ ಖರ್ಚು ಏರುತ್ತಾ ಹೋಗಿ, ಸರ್ಕಾರಿ ಸಂಸ್ಥೆಯಾದ ಭಾರತ್ ಗೋಲ್ಡ್ ಮೈನ್ಸ್ ಕೈಚೆಲ್ಲಿತು. ಖಳನೂ ಸಾಯಲಿಲ್ಲ, ನಾಯಕನೂ ಬರಲಿಲ್ಲ. ಲೆಕ್ಕದ ಪುಸ್ತಕ ಒಂದೇ ಸಾಕಾಯಿತು.

ನನಗೆ ಮುಖ್ಯವೆನಿಸುವುದು ಆಮೇಲಿನ ಸಂಗತಿ. ಕಾರ್ಮಿಕ ಸಂಘಗಳು ಗಣಿ ಮುಚ್ಚಬಾರದೆಂದು ನ್ಯಾಯಾಲಯದ ಮೆಟ್ಟಿಲೇರಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಬೇಯಿಸುವ ಸೆಕೆ, ಯಾವಾಗ ಸಿಡಿಯುವುದೋ ಗೊತ್ತಿಲ್ಲದ ಬಂಡೆ, ಶ್ವಾಸಕೋಶಕ್ಕೆ ಇಳಿಯುವ ಸಿಲಿಕಾ ಧೂಳು: ಇದೇ ನರಕ ತಮಗೆ ಬೇಕೆಂದು ಅವರೇಕೆ ಕೇಳಿದರು?

ಈ ಒಗಟಿಗೆ ಅರ್ಧ ಉತ್ತರ ನನಗೆ ಪಾ. ರಂಜಿತ್ ಅವರ 'ತಂಗಲಾನ್' ಚಿತ್ರದಲ್ಲಿ ಸಿಕ್ಕಿತು. ಉತ್ತರ ಆರ್ಕಾಟಿನ ದಲಿತರು ಬಿಳಿಯ ದೊರೆಯ ಹಿಂದೆ ಚಿನ್ನ ಹುಡುಕಿ ಹೊರಡುವುದು ದುರಾಸೆಯಿಂದಲ್ಲ, ಊರಿನ ಜಮೀನ್ದಾರನಿಂದ ತಪ್ಪಿಸಿಕೊಳ್ಳಲು. ಗಣಿ ಅವರಿಗೆ ಶೋಷಣೆಯೂ ಹೌದು, ಜೀತದಿಂದ ಹೊರಬರುವ ದಾರಿಯೂ ಹೌದು. ಅಲ್ಲಿ ತಿಂಗಳಿಗೊಮ್ಮೆ ಕೈಗೆ ಕಾಸು ಬರುತ್ತಿತ್ತು; ಮನೆ, ನೀರು, ಆಸ್ಪತ್ರೆ ಎಲ್ಲವೂ ಕಂಪನಿಯದೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದೂ ಈ ಗಣಿಗೇ. ಬದುಕಿನ ಎಲ್ಲ ಎಳೆಗಳನ್ನೂ ಒಂದೇ ಗೂಟಕ್ಕೆ ಕಟ್ಟಿಸಿಕೊಂಡವರಿಗೆ ಆ ಗೂಟ ಕಿತ್ತುಹೋದದ್ದು ಬಿಡುಗಡೆಯಾಗಿ ಕಾಣಲಿಲ್ಲ.

ಆದರೆ 'ತಂಗಲಾನ್' ಕೂಡ ಆರಂಭದ ಕತೆಯೇ. ಒಂದು ಚಿತ್ರ ಗಣಿಯನ್ನು ಸಿಂಹಾಸನ ಮಾಡಿತು, ಇನ್ನೊಂದು ಪುರಾಣ ಮಾಡಿತು. ಮುಚ್ಚಿದ ಗಣಿ ಎರಡರಲ್ಲೂ ಇಲ್ಲ. ಶೋಷಣೆ ನಿಂತರೆ ಕತೆ ಮುಗಿಯಿತು ಎಂಬ ನಂಬಿಕೆ ನಮ್ಮ ಪ್ರಗತಿಪರ ಓದಿನಲ್ಲೂ ಆಳವಾಗಿದೆ. ನಾನೂ ಹಾಗೆ ಓದುತ್ತಾ ಬಂದವನೇ. ದಣಿ ಇದ್ದಾಗ ಕೂಲಿ ಹೆಚ್ಚಿಸೆಂದು ಕೇಳಬಹುದು, ಮುಷ್ಕರ ಹೂಡಬಹುದು. ದಣಿಯೇ ಇಲ್ಲವಾದ ಮೇಲೆ ಯಾರ ಬಾಗಿಲು ಬಡಿಯುವುದು? ನಷ್ಟವಾದದ್ದು ಸಂಬಳ ಮಾತ್ರವಲ್ಲ, ಕೇಳುವ ಹಕ್ಕು ಕೂಡ.

ಇವತ್ತೂ ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ಅವರ ಮನೆಗಳ ಬೆನ್ನಿಗೆ ಸಯನೈಡ್ ಗುಡ್ಡಗಳಿವೆ. ಗಾಳಿ ಬೀಸಿದಾಗ ಆ ಧೂಳು ಅಂಗಳಕ್ಕೆ ಬರುತ್ತದೆ. ಚಿನ್ನ ಹೋಯಿತು, ಕಸ ಉಳಿಯಿತು. ಆ ರೈಲಿನಲ್ಲಿ ತೂಕಡಿಸುತ್ತಾ ಕೂತವರಲ್ಲಿ ಖಂಡಿತ ಒಂದು ಕಾದಂಬರಿಯಿದೆ. ಅದರಲ್ಲಿ ಬಂದೂಕು ಇರುವುದಿಲ್ಲ, ದೇವತೆಯೂ ಇರುವುದಿಲ್ಲ. ಅದನ್ನು ಓದಲು ನಾನು ಕಾಯುತ್ತಿದ್ದೇನೆ.