ಗೊತೋ ಮನೆತನದ ಕಪ್ಪು

ಜಪಾನಿನ ಹಳೆಯ ಕತ್ತಿ ಎದುರಿಗಿದ್ದರೆ ಕಣ್ಣು ಮೊದಲು ಓಡುವುದು ಅಲಗಿನ ಕಡೆಗೆ. ನನಗೆ ಮಾತ್ರ ಒರೆಯ ಪಕ್ಕದಲ್ಲಿ ಸಿಕ್ಕಿಸಿದ ಸಣ್ಣ ಚಾಕುವಿನ ಹಿಡಿಯೇ ಹೆಚ್ಚು ಮಾತಾಡುತ್ತದೆ. ಅದರ ಹೆಸರು ಕೊಜುಕ. ಅದರ ಜೊತೆಯವು ಇನ್ನೆರಡು: ಕೂದಲು ಒಪ್ಪ ಮಾಡುವ ಕಡ್ಡಿ ಕೋಗಾಯ್, ಕತ್ತಿಯ ಹಿಡಿಯ ರೇಷ್ಮೆ ಸುತ್ತಿನಡಿ ಅರ್ಧ ಅಡಗಿ ಕೂರುವ ಜೋಡಿ ಬಿಲ್ಲೆ ಮೆನುಕಿ. ಈ ಮೂರನ್ನೂ ಹದಿನೇಳು ತಲೆಮಾರು ಮಾಡಿಕೊಂಡು ಬಂದದ್ದು ಗೊತೋ ಮನೆತನ. ಮೂಲಪುರುಷ ಗೊತೋ ಯೂಜೋ (1440–1512) ಶೋಗನ್ ಅಶಿಕಾಗ ಯೊಶಿಮಾಸನ ಆಶ್ರಯದಲ್ಲಿದ್ದವನು.

ಈ ಪಂಥದ ಮೇಲಿನ ದೂರು ಹಳೆಯದು: ಅದೇ ಡ್ರ್ಯಾಗನ್, ಅದೇ ಸಿಂಹ, ಅಜ್ಜ ಕೆತ್ತಿದ್ದನ್ನೇ ಮೊಮ್ಮಗ ಕೆತ್ತಿದ. ಎದೋ ಪಟ್ಟಣದ ಯೊಕೊಯ ಸೋಮಿನ್ (1670–1733) ಈ ಶೈಲಿಯನ್ನು ಬಿಟ್ಟು ಹೊರಬಂದು, ಉಳಿಯನ್ನು ಓರೆಯಾಗಿ ಹಿಡಿದು ಕುಂಚ ಎಳೆದಂತೆ ಗೆರೆ ಕೊರೆದ. ಅಲ್ಲಿಂದಾಚೆಗೆ ಗೊತೋ ಕೆಲಸಕ್ಕೆ ‘ಮನೆ ಕೆತ್ತನೆ’, ಸೋಮಿನ್ ಮತ್ತವನ ದಾರಿ ಹಿಡಿದವರದಕ್ಕೆ ‘ಪೇಟೆ ಕೆತ್ತನೆ’ ಎಂಬ ಹೆಸರು ನಿಂತಿತು. ಮೊದಲನೆಯದು ಜಡ, ಎರಡನೆಯದು ಜೀವಂತ ಎಂಬ ತೀರ್ಪನ್ನು ನಾನು ಒಪ್ಪಲಾರೆ.

ಒಂದು ಕೊಜುಕವನ್ನು ಹತ್ತಿರದಿಂದ ನೋಡೋಣ. ಉದ್ದ ಹತ್ತು ಸೆಂಟಿಮೀಟರಿನ ಆಸುಪಾಸು, ಅಗಲ ಒಂದೂವರೆ. ಲೋಹ ಶಕುದೋ, ಅಂದರೆ ತಾಮ್ರಕ್ಕೆ ನೂರರಲ್ಲಿ ಮೂರರಿಂದ ಐದು ಭಾಗ ಚಿನ್ನ ಸೇರಿಸಿದ್ದು. ಕೆತ್ತುವಾಗ ಅದು ಬರೀ ತಾಮ್ರದ ಹಾಗೆಯೇ ಇರುತ್ತದೆ. ಕೆಲಸ ಮುಗಿದ ಮೇಲೆ ತುರಿದ ಮೂಲಂಗಿ ಸವರಿ, ತಾಮ್ರದ ಕಿಲುಬು ಬೆರೆಸಿದ ನೀರಿನಲ್ಲಿ ಕುದಿಸಿದಾಗ ಮೈಯೆಲ್ಲ ನೀಲಿ ಮಿಂಚಿನ ಕಪ್ಪಾಗುತ್ತದೆ. ಅದು ಬಳಿದ ಬಣ್ಣವಲ್ಲ, ಲೋಹದ ಚರ್ಮವೇ ಬದಲಾದದ್ದು. ಹಿನ್ನೆಲೆಯ ತುಂಬ ನನಕೊ: ಬಟ್ಟಲಿನಂಥ ಬಾಯಿಯ ಮೊಳೆಯನ್ನು ಒಂದೊಂದೇ ಏಟಿಗೆ ಹೊಡೆದು ಎಬ್ಬಿಸಿದ, ಗಸಗಸೆಗಿಂತ ಸಣ್ಣ ಗುಂಡುಗಳ ಸಾಲು. ಒಂದು ಏಟು ಜಾರಿದರೆ ಸಾಲೇ ಸೊಟ್ಟಗಾಗುತ್ತದೆ. ಆ ಕತ್ತಲ ಹೊಲದ ಮೇಲೆ ಚಿನ್ನದ ಸಿಂಹ ಎದ್ದು ನಿಂತಿರುತ್ತದೆ.

ಇದನ್ನು ಧರಿಸುತ್ತಿದ್ದುದು ಎಲ್ಲಿ? ಶೋಗನ್ನನ ಒಡ್ಡೋಲಗದಲ್ಲಿ, ಕಪ್ಪು ಅರಗಿನ ಒರೆ, ಬಿಳಿ ತಿರಂಡಿ ಮೀನಿನ ಚರ್ಮದ ಮೇಲೆ ಕಪ್ಪು ರೇಷ್ಮೆ ಸುತ್ತಿದ ಹಿಡಿ, ಇವುಗಳ ನಡುವೆ. ಅಲ್ಲಿ ಹೊಸತನ ಮೆರೆಸುವುದು ಮರ್ಯಾದೆಯಲ್ಲ. ನೂರು ಸಲ ಕೆತ್ತಿದ ಸಿಂಹವನ್ನು ನೂರೊಂದನೆಯ ಸಲ ತಪ್ಪಿಲ್ಲದೆ ಕೆತ್ತುವುದೇ ಮರ್ಯಾದೆ. ಪುನರಾವರ್ತನೆ ಗೊತೋಗಳ ದೋಷವಲ್ಲ, ಅವರ ಶಿಸ್ತು.

ದೋಷ ಬೇರೆ ಕಡೆ ಇದೆ. ಮೊದಲ ತಲೆಮಾರುಗಳವರು ಹೆಸರು ಕೆತ್ತುತ್ತಿರಲಿಲ್ಲ. ಆಮೇಲಿನ ಯಜಮಾನರು ಹಳೆಯ ಸಾಮಾನು ನೋಡಿ ಇದು ಯೂಜೋ ಕೈಯದು ಎಂದು ಹೇಳಿ, ಹಿಂಬದಿಯಲ್ಲಿ ಅವನ ಹೆಸರನ್ನೂ ಪಕ್ಕದಲ್ಲಿ ತಮ್ಮ ರುಜುವನ್ನೂ ಕೊರೆದರು. ಮಡಿಸಿದ ಕಾಗದದ ಪ್ರಮಾಣಪತ್ರ ಕೊಟ್ಟು ಬೆಲೆಯನ್ನೂ ನಿಗದಿ ಮಾಡಿದರು. ಈ ಪತ್ರಕ್ಕೂ ಒರಿಗಾಮಿ ಎಂದೇ ಹೆಸರು. ಸಾಮಂತರು ಒಬ್ಬರಿಗೊಬ್ಬರು ಕೊಡುವ ಕಾಣಿಕೆಗೆ ಈ ಪತ್ರವೇ ತೂಕ. 1588ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೊಶಿಗೆ ದೊಡ್ಡ ಚಿನ್ನದ ನಾಣ್ಯ ಮಾಡಿಕೊಟ್ಟ ಗೊತೋ ತೊಕುಜೋವಿನ ಮನೆಯಲ್ಲವೇ, ಬೆಲೆ ಕಟ್ಟುವುದು ಅವರಿಗೆ ಹೊಸದಲ್ಲ. ಆದರೆ ತಯಾರಕ, ಪರೀಕ್ಷಕ, ಬೆಲೆ ಹೇಳುವವ ಮೂವರೂ ಒಬ್ಬನೇ ಆದಾಗ, ತಾತನ ಹೆಸರು ಮೊಮ್ಮಗನ ಉಳಿಗಿಂತ ಭಾರವಾಯಿತು. ಪಂಥ ಸೊರಗಿದ್ದು ಇಲ್ಲಿ.

ಆದರೂ ಕಸುವು ಬತ್ತಿರಲಿಲ್ಲ ಎನ್ನಲು ಕವಲು ಮನೆಯ ಗೊತೋ ಇಚಿಜೋ (1791–1876) ಸಾಕು. ಮನೆತನ ಮುಟ್ಟದಿದ್ದ ಕಬ್ಬಿಣವನ್ನೂ ಅವನು ಕೈಗೆತ್ತಿಕೊಂಡ. ಹೂ, ಹಿಮಗಳನ್ನು ಚಿತ್ರಕಾರನ ಮೃದುತನದಿಂದ ಕೆತ್ತಿದ. ಅವನು ತೀರಿಕೊಂಡ ವರ್ಷದ ಮಾರ್ಚ್‌ನಲ್ಲೇ ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸಿತು. ಆಮೇಲೆ ಬಿಡಿಬಿಡಿಯಾಗಿ ಕಳಚಿದ ಈ ಸಾಮಾನುಗಳು ರಾಶಿರಾಶಿಯಾಗಿ ಯೂರೋಪು, ಅಮೆರಿಕ ಸೇರಿದವು.

ಈಗ ಅವನ್ನು ನೋಡುವುದು ಗಾಜಿನ ಹಿಂದೆ, ಬಟ್ಟೆಯ ಮೇಲೆ, ಪ್ರಖರ ಬೆಳಕಿನಲ್ಲಿ. ಅಲ್ಲಿ ಮೆನುಕಿಯ ಡ್ರ್ಯಾಗನ್ ತಲೆಯಿಂದ ಬಾಲದವರೆಗೆ ಪೂರ್ತಿ ಕಾಣುತ್ತದೆ. ಕೆತ್ತಿದವನು ಬಯಸಿದ್ದು ಅದನ್ನಲ್ಲ. ಅಡ್ಡಡ್ಡ ಹಾಯುವ ಕಪ್ಪು ರೇಷ್ಮೆಯ ಸಂದಿನಿಂದ ಒಂದಿಷ್ಟು ಬೆನ್ನು, ಒಂದು ಪಂಜ, ಅಷ್ಟೇ ಹೊರಗೆ ಇಣುಕಬೇಕಿತ್ತು.