ಬಳ್ಳಾರಿ ದರ್ಶನದ ಗುಣದೋಷಗಳು

ಹಂಪೆಯನ್ನು ನೋಡಲು ಬಂದವರು ಉಳಿದ ಅರ್ಧ ದಿವಸವನ್ನು ಕಳೆಯುವ ಬಗೆ ತಿಳಿಯದೆ ಬಳ್ಳಾರಿಗೆ ಬಂದು, ಕೋಟೆಯ ಗುಡ್ಡವನ್ನು ಹತ್ತಿ ಇಳಿದು, ಊರಿನ ಬಿಸಿಲನ್ನು ಮನಸಾರ ಬೈದು, ಸಂಜೆಯ ರೈಲನ್ನು ಹಿಡಿಯುವ ಪದ್ಧತಿಯೊಂದು ಬಹುಕಾಲದಿಂದ ನಡೆದುಬಂದಿದೆ. 2021ರಲ್ಲಿ ಹಂಪೆ, ಹೊಸಪೇಟೆಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿಹೋದ ಮೇಲೆ ಈ ಪದ್ಧತಿಯನ್ನು ಪರಾಮರ್ಶಿಸುವುದು ಆವಶ್ಯಕವಾಗಿದೆ. ಏಕೆಂದರೆ ಇಷ್ಟು ದಿನವೂ ನೆರೆಯ ವೈಭವದ ಮರೆಯಲ್ಲಿದ್ದ ನಗರವು ಈಗ ತನ್ನ ಸ್ವಂತ ಬಂಡವಾಳದಿಂದಲೇ ಅತಿಥಿಗಳನ್ನು ಸತ್ಕರಿಸಬೇಕಾಗಿದೆ. ಆ ಬಂಡವಾಳವೇನೂ ಅಲ್ಪವಾದುದಲ್ಲ. ಅದನ್ನು ತೋರಿಸುವ ಕ್ರಮದಲ್ಲಿಯೇ ಕುಂದುಂಟೆಂಬುದು ನನ್ನ ಅಭಿಪ್ರಾಯ.

ಅಲ್ಪಕಾಲದ ಊರುದರ್ಶನವನ್ನು ಅಲ್ಪವೆಂದೇ ಹಳಿಯುವುದು ಪಂಡಿತರ ಚಾಳಿ. ಆದರೆ ಒಂದೂರಿನಲ್ಲಿ ಹುಟ್ಟಿ ಬೆಳೆದು ಮುದುಕರಾದರೂ ಅದರ ಗುಡ್ಡಗಳ ಹೆಸರನ್ನು ಅರಿಯದವರುಂಟು. ಒಂದೇ ಹಗಲಿನಲ್ಲಿ ಆ ಊರಿನ ನಾಡಿಯನ್ನು ಹಿಡಿದವರೂ ಉಂಟು. ಆದುದರಿಂದ ಇಂಥ ದರ್ಶನದ ಸಾರ್ಥಕತೆಯನ್ನು ಗಂಟೆಗಳ ಲೆಕ್ಕದಿಂದ ಅಳೆಯದೆ, ಕಂಡ ವಸ್ತುಗಳು ಒಂದನ್ನೊಂದು ಬೆಳಗುವುವೋ ಇಲ್ಲವೋ ಎಂಬುದರಿಂದ ಅಳೆಯತಕ್ಕುದು. ಬಳ್ಳಾರಿಯ ರೂಢಿಯ ಪ್ರವಾಸವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಬರುವ ಬಣ್ಣ ಅಷ್ಟೇನೂ ಮೆಚ್ಚತಕ್ಕುದಲ್ಲ.

ಈ ಪ್ರವಾಸದಲ್ಲಿ ಅಗ್ರಸ್ಥಾನ ಕೋಟೆಗೆ. ಬಟ್ಟಬಯಲಿನ ನಡುವೆ ಥಟ್ಟನೆ ತಲೆಯೆತ್ತಿದ ಬಂಡೆಯ ಗುಡ್ಡ. ಅದರ ಮೇಲುಕೋಟೆಯನ್ನು ವಿಜಯನಗರದ ಕಾಲದ ಹನುಮಪ್ಪ ನಾಯಕನು ಕಟ್ಟಿಸಿದನೆಂದೂ, ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಅದನ್ನು ಭದ್ರಪಡಿಸಿ ಕೆಳಕೋಟೆಯನ್ನು ಕಟ್ಟಿಸಿದನೆಂದೂ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂಬುದನ್ನು ಕಂಡು ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ಪ್ರತೀತಿ. ಮೂಡಣ ಬಾಗಿಲ ಬಳಿಯ ಗೋರಿಯೊಂದನ್ನು ಆತನದೆಂದು ತೋರಿಸುವುದುಂಟು. ಅದೇ ಗೋರಿಯನ್ನು ಸಂತನೊಬ್ಬನದೆಂದು ಮುಸಲ್ಮಾನರು ಗೌರವಿಸುವರೆಂಬ ಮಾತೂ ಹಳೆಯ ಗೆಜೆಟಿಯರಿನಲ್ಲಿದೆ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೂ ಐತಿಹ್ಯವೆಂಬ ಕಾರಣಕ್ಕೆ ತಳ್ಳಿಬಿಡತಕ್ಕುದೂ ಅಲ್ಲ. ಫಿರಂಗಿಗಳು ಬಂದ ಕಾಲದಲ್ಲಿ ದುರ್ಗದ ಬಲವು ಅದರ ಗೋಡೆಗಳನ್ನಷ್ಟೇ ಅಲ್ಲದೆ ನೆರೆಯ ಗುಡ್ಡಗಳನ್ನೂ ಅವಲಂಬಿಸಿತ್ತೆಂಬ ಸತ್ಯ ಆ ಕತೆಯ ಹೊಟ್ಟೆಯಲ್ಲಿದೆ. ಕತೆಗೆ ಉಪ್ಪುಖಾರ ಹಚ್ಚಿ ಹೇಳುವವರು ಗಲ್ಲಿನ ಬಳಿ ನಿಂತುಬಿಡುವರೇ ಹೊರತು, ಕೇಳುವವನನ್ನು ಕುಂಬಾರ ಗುಡ್ಡದ ಕಡೆಗೆ ತಿರುಗಿಸಿ ಅಂತರವನ್ನು ಕಣ್ಣಿನಿಂದಲೇ ಅಳೆಯಹೇಳುವುದಿಲ್ಲ. ರೋಚಕತೆ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಬಿಟ್ಟುಹೋದ ಸ್ಥಳಗಳದು. ನಗರದಿಂದ ಈಶಾನ್ಯಕ್ಕೆ, ಬಹಳ ದೂರವೇನೂ ಅಲ್ಲದ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗವನ್ನು ಅರಿಯಬಯಸುವವರಿಗೆ ತೀರ್ಥಕ್ಷೇತ್ರಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳ ಮಹತ್ತ್ವವನ್ನು ಗುರುತಿಸಿದನು, ಬಿ. ಸುಬ್ಬರಾಯರ ಉತ್ಖನನವು ಸ್ವಾತಂತ್ರ್ಯದ ಹೊಸ್ತಿಲಲ್ಲಿ ಆ ಕಾರ್ಯವನ್ನು ಮುಂದುವರಿಸಿತು. ಬಿಳಿಚಿದ ಕಣಶಿಲೆಯ ಬೆನ್ನಿನ ಮೇಲೆ ಕರಿಯ ಡಾಲರೈಟ್ ಬಂಡೆಗಳ ಸಾಲೊಂದು ಏರಿಹೋಗಿದೆ. ಅಂದಿನವರು ಕೊಡಲಿಗಳನ್ನು ಒಡೆದು ಉಜ್ಜಿ ರೂಪಿಸಿದುದು ಈ ಕಲ್ಲಿನಿಂದಲೇ. ನೀಳಗೊಂಬಿನ ಎತ್ತುಗಳನ್ನು ಕುಟ್ಟಿ ಚಿತ್ರಿಸಿದುದೂ ಈ ಕಲ್ಲಿನ ಮೇಲೆಯೇ. ಕೆಲವು ಬಂಡೆಗಳಲ್ಲಿ ಕೈಯಳತೆಯ ನುಣುಪಾದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಬಂಡೆಯು ಕಂಚಿನ ಗಂಟೆಯಂತೆ ನಿನದಿಸುತ್ತದೆ. ಎಷ್ಟು ತಲೆಮಾರುಗಳ ತಟ್ಟುವಿಕೆಯಿಂದ ಒಂದೊಂದು ಗುಳಿ ಸವೆದು ಸಿದ್ಧವಾಯಿತೋ! ಕಲ್ಲುಗಣಿಗಾರಿಕೆಯ ಬಾಯಿಗೆ ಇದರ ಒಂದು ಭಾಗ ಈಗಾಗಲೇ ಬಿದ್ದಿದೆ. ನಗರದಲ್ಲಿ ಫೂಟನ ಹೆಸರಿನ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಗಿರುವುದು ಈ ವಿಷಯದಲ್ಲಿ ಸಮಾಧಾನದ ಸಂಗತಿ.

ಎತ್ತಿನ ಈ ಚಿತ್ರವನ್ನು ಕಂಡವನು ಮುಂದೆ ಕುರುಗೋಡಿಗೆ ಹೋಗತಕ್ಕುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಧೀನರಾಗಿ ಬಲ್ಲಕುಂದೆ ನಾಡನ್ನಾಳಿದ ಸಿಂದರ ರಾಜಧಾನಿಯಿದು. ಗುಡ್ಡದ ಬುಡದಲ್ಲಿ ಆ ಕಾಲದ ದೇಗುಲಗಳು ಇಂದಿಗೂ ಇವೆ. ಆದರೆ ಊರಿನ ಪ್ರಾಣವೆಲ್ಲ ದೊಡ್ಡಬಸವೇಶ್ವರನಲ್ಲಿ. ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವನು ಶಿವನ ಎದುರಿಗೆ ವಾಹನವಾಗಿ ಕಾದಿರದೆ ತಾನೇ ಪ್ರಧಾನ ದೇವತೆಯಾಗಿ ಪೂಜೆಗೊಳ್ಳುತ್ತಾನೆ. ಸಂಗನಕಲ್ಲಿನ ಬಂಡೆಯ ಮೇಲಿನ ಗೂಳಿಗೂ ಈ ಮೂರ್ತಿಗೂ ನೇರವಾದ ವಂಶಾವಳಿಯನ್ನು ಹೆಣೆಯುವುದು ಸಾಹಸವಾದೀತು; ಆದರೂ ಒಂದೇ ಹಗಲಿನಲ್ಲಿ ಎರಡನ್ನೂ ನೋಡಿದವನಿಗೆ, ದನವನ್ನೇ ಸಂಪತ್ತೆಂದು ಬಗೆದ ನೆಲವೊಂದು ಅದನ್ನು ಮತ್ತೆ ಮತ್ತೆ ಕಲ್ಲಿಗೇರಿಸಿದ ಪರಿಯು ಗ್ರಂಥದ ನೆರವಿಲ್ಲದೆಯೇ ಮನದಟ್ಟಾಗುತ್ತದೆ. ಹೊಸಪೇಟೆಯ ದಾರಿಯಲ್ಲಿರುವ ಕುಡತಿನಿಯ ಬೂದಿದಿಬ್ಬವೂ ಇದೇ ಕತೆಯ ಇನ್ನೊಂದು ಅಧ್ಯಾಯ. ಸುಟ್ಟುಹೋದ ರಾಕ್ಷಸನ ಬೂದಿಯೆಂದು ಜನರು ಹೇಳುತ್ತಿದ್ದ ಆ ರಾಶಿಯು ನವಶಿಲಾಯುಗದ ದನಗಾಹಿಗಳು ಕೂಡಿಸಿ ಸುಟ್ಟ ಸಗಣಿಯದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಹಂಪೆಗೆ ಹೋಗುವ ವಾಹನಗಳು ಅದರ ಪಕ್ಕದಲ್ಲಿಯೇ ಧೂಳೆಬ್ಬಿಸಿಕೊಂಡು ಓಡುತ್ತವೆ.

ಸಿರುಗುಪ್ಪದ ಸೀಮೆ ಈ ಪ್ರವಾಸಕ್ಕೆ ಸೇರತಕ್ಕುದೇ ಎಂಬುದು ವಿಚಾರಾರ್ಹ. ತೆಕ್ಕಲಕೋಟೆಯ ಶಿಲಾಯುಗದ ನೆಲೆ, ಅಶೋಕನನ್ನು ಹೆಸರೆತ್ತಿ ಹೇಳುವ ಅಪರೂಪದ ಶಾಸನಗಳಲ್ಲಿ ಒಂದಾದ ನಿಟ್ಟೂರಿನ ಬಂಡೆ, ವಿಜಯನಗರದ ಅರಸರ ಕಾಲದಿಂದ ತುಂಗಭದ್ರೆಗೆ ಅಡ್ಡಲಾಗಿ ನಿಂತು ಗದ್ದೆಗಳಿಗೆ ನೀರೂಡುತ್ತಿರುವ ಸಿರುಗುಪ್ಪ, ದೇಶನೂರುಗಳ ಅಣೆಕಟ್ಟುಗಳು, ಭತ್ತದ ಲಾರಿಗಳು, ಅಕ್ಕಿ ಗಿರಣಿಗಳು: ಇವು ಬಳ್ಳಾರಿಯ ಕಲ್ಲಿಗೆ ಪ್ರತಿಯಾಗಿ ನೀರಿನ ಕತೆಯನ್ನು ಹೇಳುತ್ತವೆ. ಕಲ್ಲಿನ ದಿನಕ್ಕೆ ಇದನ್ನೂ ತುರುಕಿದರೆ ಎರಡೂ ಕೆಡುವುವು. ಬೇರೊಂದು ದಿನವನ್ನು ಇದಕ್ಕೆಂದೇ ಮೀಸಲಿಡುವುದು ಲೇಸು.

ಇನ್ನು ನಗರ. ದರ್ಶನಕ್ಕೆ ಬಂದವನು ಸ್ಮಾರಕಗಳ ಪಟ್ಟಿಯನ್ನು ಮಡಿಸಿಟ್ಟು ಸಂಜೆ ಹೊತ್ತು ಒಗ್ಗರಣಿ-ಮಿರ್ಚಿಯ ಬಂಡಿಯೊಂದರ ಬಳಿ ನಿಲ್ಲಲಿ. ನೆನೆದ ಮಂಡಕ್ಕಿಗೆ ಈರುಳ್ಳಿ, ಅರಿಸಿನಗಳ ಒಗ್ಗರಣೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರುವಷ್ಟರಲ್ಲಿ ತೆಲುಗಿನಲ್ಲಿ ಕೇಳಿದವನಿಗೆ ಕನ್ನಡದಲ್ಲಿ ಉತ್ತರ ಬಂದು, ಚಿಲ್ಲರೆಯ ಲೆಕ್ಕ ಉರ್ದುವಿನಲ್ಲಿ ಮುಗಿದಿರುತ್ತದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿ, ಬಳ್ಳಾರಿಯು ಮೈಸೂರಿಗೆ ಸೇರಿದುದರ ಹಿಂದಿನ ಕಾವೇನೆಂಬುದನ್ನು ಯಾವ ಫಲಕಕ್ಕಿಂತಲೂ ಈ ಬಂಡಿಯು ಚೆನ್ನಾಗಿ ತಿಳಿಸುತ್ತದೆ. ಆ ಕಾವು ಆರಿದ ಮೇಲೆ ಜನರು ಹೇಗೆ ಬಾಳಿದರೆಂಬುದನ್ನೂ ತಿಳಿಸುತ್ತದೆ. ತೆಲುಗು ರಂಗಭೂಮಿಯನ್ನು ಬೆಳಗಿದ ನಟನನ್ನು ಕನ್ನಡಿಗರೂ ಬಳ್ಳಾರಿ ರಾಘವನೆಂದು ತಮ್ಮವನನ್ನಾಗಿ ಭಾವಿಸುವುದು ಇಂಥ ಊರಿನಲ್ಲಿ ಸಹಜವೇ ಸರಿ.

ಒಟ್ಟಿನಲ್ಲಿ, ಬಳ್ಳಾರಿಗೆ ಒಂದು ದಿನ ಸಾಲದೆಂಬ ದೂರನ್ನು ನಾನು ಒಪ್ಪಲಾರೆ. ಬೆಳಗಿನ ತಂಪಿನಲ್ಲಿ ಸಂಗನಕಲ್ಲು, ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಕುರುಗೋಡು, ಇಳಿಹೊತ್ತಿಗೆ ಕೋಟೆ, ಕತ್ತಲಾದ ಮೇಲೆ ಪೇಟೆ: ಇಷ್ಟು ಸಾಕು. ಈ ಕ್ರಮದಲ್ಲಿ ಬಂದವನಿಗೆ ಕೋಟೆಯೂ ಬೇರೆಯಾಗಿ ಕಾಣುತ್ತದೆ. ಅದು ನಾಯಕನ ಅಥವಾ ನವಾಬನ ಪರಾಕ್ರಮವೆನಿಸದೆ, ಇದೇ ಕಲ್ಲನ್ನು ಸಾವಿರಾರು ವರ್ಷಗಳಿಂದ ಬಳಸಿಕೊಂಡು ಬಂದ ನಾಡಿನ ಇತ್ತೀಚಿನ ಕೆಲಸವೆನಿಸುತ್ತದೆ. ರೂಢಿಯ ಪ್ರವಾಸವು ಅದನ್ನು ಮೊದಲಿಗಿಟ್ಟು ಉಳಿದುದನ್ನು ಬಿಟ್ಟುದರಿಂದಲೇ ಕೋಟೆಗೂ ನ್ಯಾಯ ಸಲ್ಲಿಸದೆ ಹೋಯಿತು.