ಮಜಬೂರಿಯ ನಂತರದ ಪ್ರಶ್ನೆ: ಆಕ್ಟೇವಿಯಾ ಬಟ್ಲರ್ ಕಾದಂಬರಿಗಳು

ವೈಜ್ಞಾನಿಕ ಕಾದಂಬರಿ ಅಂದ ಕೂಡಲೇ ನಮ್ಮ ವಿದ್ಯಾರ್ಥಿಗಳು ರಾಕೆಟ್ಟು, ರೋಬೋಟು ಹುಡುಕುತ್ತಾರೆ. ಅಮೆರಿಕದ ಆಕ್ಟೇವಿಯಾ ಬಟ್ಲರ್ ಬರೆದ ‘ಕಿಂಡ್ರೆಡ್’ನಲ್ಲಿ (1979) ಅಂಥದ್ದೇನೂ ಸಿಗುವುದಿಲ್ಲ. ಕಾಲಯಾನ ಇದೆ, ಆದರೆ ಯಂತ್ರವೂ ಇಲ್ಲ, ವಿವರಣೆಯೂ ಇಲ್ಲ. 1976ರ ಕ್ಯಾಲಿಫೋರ್ನಿಯಾದಲ್ಲಿ ಪುಸ್ತಕ ಜೋಡಿಸುತ್ತಿದ್ದ ಡೇನಾ ಎಂಬ ಕಪ್ಪು ಲೇಖಕಿಗೆ ತಲೆ ತಿರುಗುತ್ತದೆ. ಕಣ್ಣು ಬಿಟ್ಟರೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್, ನದಿಯಲ್ಲಿ ಮುಳುಗುತ್ತಿರುವ ಬಿಳಿಯ ಹುಡುಗ ರೂಫಸ್. ಅವನನ್ನು ಕಾಪಾಡುತ್ತಾಳೆ. ಅವನು ತನ್ನ ಪೂರ್ವಜ ಅನ್ನೋದು ಆಮೇಲೆ ಗೊತ್ತಾಗುತ್ತದೆ.

ರೂಫಸ್ ಬೆಳೆದು ಗುಲಾಮರ ಒಡೆಯನಾಗುತ್ತಾನೆ. ಸ್ವತಂತ್ರಳಾಗಿ ಹುಟ್ಟಿ ಗುಲಾಮಳಾದ ಆಲಿಸ್ ಅವನಿಗೆ ಬೇಕು. ನೀನೇ ಅವಳನ್ನು ಒಪ್ಪಿಸು, ಇಲ್ಲದಿದ್ದರೆ ಹೊಡೆದು ಬಗ್ಗಿಸುತ್ತೇನೆ ಎಂಬುದು ಡೇನಾಗೆ ಅವನು ಒಡ್ಡುವ ಬೆದರಿಕೆ. ಡೇನಾ ಹೋಗಿ ಆಲಿಸ್ ಜೊತೆ ಮಾತಾಡುತ್ತಾಳೆ. ಆ ಸಂಬಂಧದಿಂದ ಮಗು ಹುಟ್ಟದಿದ್ದರೆ ಡೇನಾಳ ವಂಶವೇ ಇಲ್ಲ!

ಉರ್ದುವಿನಲ್ಲಿ ಇದಕ್ಕೆ ಮಜಬೂರಿ ಅಂತೀವಿ. ಕನ್ನಡದ ‘ಅನಿವಾರ್ಯ’ ಸ್ವಲ್ಪ ತಣ್ಣಗಿದೆ; ಮಜಬೂರಿಯಲ್ಲಿ ಯಾರೋ ಕೈ ತಿರುಚುತ್ತಿರುವ ನೋವಿದೆ. ಆ ಮಾತು ಬಂದರೆ ನಮ್ಮಲ್ಲಿ ವಿಚಾರಣೆ ಮುಗಿದ ಹಾಗೆ. ಬಟ್ಲರ್ ಅಲ್ಲಿಂದಲೇ ಶುರು ಮಾಡುತ್ತಾರೆ. ಡೇನಾ ಅಪರಾಧಿ ಅಲ್ಲ, ಆದರೂ ಆಲಿಸ್‌ಗೆ ಆದದ್ದರಲ್ಲಿ ಅವಳ ಪಾಲಿದೆ. ಕೊನೆಗೆ ಎಡಗೈ ಕಳೆದುಕೊಂಡೇ ಅವಳು ಮನೆ ಸೇರುತ್ತಾಳೆ.

ಈ ಕಾದಂಬರಿಯ ಬೀಜ ಕಾಲೇಜಿನಲ್ಲಿ ಬಿದ್ದದ್ದು. ಬಿಳಿಯರ ಮುಂದೆ ತಲೆ ಬಗ್ಗಿಸಿದ ಹಿರಿಯರ ಮೇಲೆ ಸಹಪಾಠಿಯೊಬ್ಬ ಕೆಂಡ ಕಾರಿದ. 1947ರಲ್ಲಿ ಪ್ಯಾಸಡೀನಾದಲ್ಲಿ ಹುಟ್ಟಿದ ಬಟ್ಲರ್‌ಗೆ ನೆನಪಾದದ್ದು ತನ್ನ ತಾಯಿ. ಹಿಂಬಾಗಿಲಿನಿಂದ ಒಳಗೆ ಹೋಗಿ ಬಿಳಿಯರ ಮನೆಗೆಲಸ ಮಾಡಿದವರು. ಆ ಅವಮಾನದ ದುಡಿಮೆಯಿಂದಲೇ ಮಗಳ ಹೊಟ್ಟೆ ತುಂಬಿತ್ತು. ಹಿರಿಯರನ್ನು ಹೇಡಿಗಳು ಅನ್ನೋದು ಸುಲಭ. ಅವರ ಕಾಲದಲ್ಲಿ ಒಂದು ದಿನ ನಿಂತು ನೋಡಿ ಅಂತಲೇ ಡೇನಾಳನ್ನು ಅಲ್ಲಿಗೆ ಕಳಿಸಿದಂತಿದೆ.

ಬಟ್ಲರ್ ಕೂಡ ಪಾತ್ರೆ ತೊಳೆದು, ಚಿಪ್ಸ್ ಕಾರ್ಖಾನೆಯಲ್ಲಿ ದುಡಿದು, ನಸುಕಿನ ಎರಡಕ್ಕೇ ಎದ್ದು ಬರೆದವರು. ಮೊದಲ ಕಾದಂಬರಿ 1976ರಲ್ಲಿ ಬಂತು. 1995ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು, ವೈಜ್ಞಾನಿಕ ಕಥೆ ಬರೆಯುವವರಲ್ಲಿ ಅದು ಮೊದಲು ದಕ್ಕಿದ್ದು ಅವರಿಗೇ. 1978ರ ‘ಸರ್ವೈವರ್’ ಮಾತ್ರ ಅವರಿಗೇ ಹಿಡಿಸದೆ, ಮರುಮುದ್ರಣಕ್ಕೆ ಬಿಡಲಿಲ್ಲ. ತೀರಿಕೊಂಡದ್ದು 2006ರಲ್ಲಿ.

‘ಡಾನ್’ನಲ್ಲಿ (1987) ಅಣುಯುದ್ಧದಿಂದ ನಾಶವಾದ ಮನುಷ್ಯರನ್ನು ಅನ್ಯಲೋಕದವರು ಉಳಿಸುತ್ತಾರೆ, ಬದಲಿಗೆ ಅವರ ಸಂತಾನದಲ್ಲೇ ಪಾಲು ಕೇಳುತ್ತಾರೆ. ಮತ್ತೆ ಅದೇ ಮಜಬೂರಿ.

2024ರಲ್ಲಿ ಶುರುವಾಗುವ ‘ಪ್ಯಾರಬಲ್ ಆಫ್ ದಿ ಸೋವರ್’ (1993) ಈಗ ಹೆಚ್ಚು ಹೆಸರು ಮಾಡಿದೆ. ಬೇರೆಯವರ ನೋವು ತನ್ನ ಮೈಗೇ ಬರುವ ನಾಯಕಿ ಲಾರೆನ್ ಅದ್ಭುತ ಕಲ್ಪನೆ. ಆದರೆ ಅವಳು ಕಟ್ಟುವ ಹೊಸ ಧರ್ಮದ ಪದ್ಯಗಳು ನನಗೆ ಉಪದೇಶದ ಹಾಗೇ ಕೇಳಿಸಿದವು. ಮುಂದಿನ ಭಾಗದಲ್ಲಿ (1998) ಲೇಖಕಿಯೇ ಇದಕ್ಕೆ ಮದ್ದು ಅರೆದಿದ್ದಾರೆ: ಲಾರೆನ್‌ಳಿಂದ ದೂರವಾಗಿ ಬೆಳೆದ ಮಗಳು ತಾಯಿಯ ಬರಹಗಳನ್ನು ಓದುತ್ತಾ, ನಿನಗೆ ನನಗಿಂತ ನಿನ್ನ ಧ್ಯೇಯವೇ ದೊಡ್ಡದಾಯಿತು ಎಂದು ದೂರುತ್ತಾಳೆ. ಆ ದೂರಿಗೆ ಬಟ್ಲರ್ ಉತ್ತರ ಕೊಡಿಸುವುದಿಲ್ಲ.